ಕಾಲು ಕಟ್ಟುವ ಕೆಲಸ

ನಮ್ಮೂರಿನಲ್ಲಿ ರೈಲು ಮೊದಲು ಬರುತ್ತದೆ, ಅದರ ಸದ್ದು ಆಮೇಲೆ ಬರುತ್ತದೆ. ಹೊಸಬರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ, ಅದಕ್ಕೆ ಒಂದೇ ಸಲ ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಕೋಡುಗಲ್ಲಿನ ತಿರುವಿನಲ್ಲಿ ರೈಲು ತಲೆ ತೂರಿಸುವುದಕ್ಕೂ ನಮ್ಮ ರಸ್ತೆಯನ್ನು ದಾಟಿ ಹೋಗುವುದಕ್ಕೂ ನಡುವೆ ನೆಟ್ಟಗೆ ಒಂದು ಮಾತಾಡುವಷ್ಟು ಹೊತ್ತು ಸಿಗುವುದಿಲ್ಲ. ಕೂಗಿಲ್ಲ, ಗಡಗಡ ಇಲ್ಲ, ಕಾಲಡಿಯ ನೆಲ ಸಹ ಅದುರುವುದಿಲ್ಲ. ಗಾಳಿ ಬಂದು ಮುಖಕ್ಕೆ ಬಡಿಯುತ್ತದೆ, ಹೆಂಗಸರ ಸೆರಗು ಹಾರುತ್ತದೆ, ಅಷ್ಟೇ. ರೈಲು ಕಣ್ಮರೆಯಾಗಿ, ನಾವು ಸೆರಗು ಸರಿಮಾಡಿಕೊಂಡು, ಕಣ್ಣಿಗೆ ಬಿದ್ದ ಧೂಳು ಒರೆಸಿಕೊಂಡ ಮೇಲೆ ನಿಧಾನಕ್ಕೆ ಕೂಗು ಬರುತ್ತದೆ, ಅದರ ಬೆನ್ನಿಗೇ ಗಾಲಿಗಳ ಸದ್ದು. ಆಗ ನಾವು ದಾಟುತ್ತೇವೆ.

ಊರು ಹಳಿಯ ಈ ಕಡೆ ಇದೆ. ಬಸ್ ಸ್ಟ್ಯಾಂಡು, ಶಾಲೆ, ಸಂತೆಮಾಳ ಆ ಕಡೆ. ಮುಂದಿನ ರೈಲು ಯಾವಾಗ ಎಂದು ಹೇಳುವವರು ಯಾರೂ ಇಲ್ಲ, ಹಾಗಾಗಿ ಒಂದು ರೈಲು ಹೋಗಿ ಅದರ ಸದ್ದು ಬರುವವರೆಗೆ ಯಾರೂ ಹಳಿ ತುಳಿಯುವುದಿಲ್ಲ. ಸದ್ದು ಕಿವಿಯಲ್ಲಿರುವಾಗಲೇ ದಾಟಿಬಿಡಬೇಕು. ಶಾಲೆ ಬೆಳಗಿನ ಸದ್ದಿಗೆ ಶುರುವಾಗುತ್ತದೆ, ಮೇಷ್ಟ್ರು ವಾಚು ಕಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮದುವೆ ದಿಬ್ಬಣ, ಹೆಣ, ಹಾಲಿನ ಕ್ಯಾನು ಎಲ್ಲವೂ ಒಂದೇ ಸಾಲಿನಲ್ಲಿ ಕಾಯುತ್ತವೆ. ಕಾಯುತ್ತಾ ನಿಂತಾಗಲೇ ನಮ್ಮಲ್ಲಿ ಜಗಳಗಳಾಗುತ್ತವೆ, ಅಲ್ಲೇ ರಾಜಿಯೂ ಆಗುತ್ತದೆ, ಗಂಡು ಹೆಣ್ಣಿನ ಸಂಬಂಧಗಳೂ ಅಲ್ಲೇ ಕುದುರುತ್ತವೆ. ಗೂಡ್ಸ್ ಗಾಡಿ ಎಲ್ಲೋ ಕೆಟ್ಟು ನಿಂತರೆ ಆ ದಿನದ ಸಂತೆ ಹಾಳು. ಯಾವುದೋ ಕಾಲದಲ್ಲಿ ಸರ್ಕಾರದವರು ನೆಟ್ಟುಹೋದ ಹಳದಿ ಬೋರ್ಡು ತುಕ್ಕು ತಿಂದುಕೊಂಡು ನಿಂತಿತ್ತು: ಸದ್ದು ಬಂದ ಮೇಲೆ ದಾಟಿ. ಅದಕ್ಕಿಂತ ಹೆಚ್ಚಿನ ಕಾನೂನು ನಮಗೆ ಬೇಕಾಗಿರಲಿಲ್ಲ.

ಇಷ್ಟು ತಲೆಮಾರು ಹೀಗೆ ನಡೆದ ಮೇಲೆ ಅದು ತಲೆಯಲ್ಲಿ ಉಳಿಯುವುದಿಲ್ಲ, ಕಾಲಿಗೆ ಇಳಿದುಬಿಡುತ್ತದೆ. ಹಳಿಯ ಹತ್ತಿರ ಕೂಗು ಕೇಳಿದರೆ ಸಾಕು, ನಮ್ಮ ಕಾಲು ತಾನಾಗಿ ಮುಂದಕ್ಕೆ ಹೋಗುತ್ತದೆ. ನಿದ್ದೆಗಣ್ಣಿನ ಮಕ್ಕಳದೂ ಹೋಗುತ್ತದೆ, ಸೊಂಟ ಬಿದ್ದ ಮುದುಕರದೂ ಹೋಗುತ್ತದೆ. ಊರೊಳಗೆ ಇದರಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಹೊರಗೆ. ಬೇರೆ ಊರುಗಳಲ್ಲಿ ರೈಲು ಮೊದಲು ಕೂಗುತ್ತದಂತೆ, ಆಮೇಲೆ ಬರುತ್ತದಂತೆ. ಕೆಲಸಕ್ಕೆಂದೋ ಮದುವೆಯಾಗಿಯೋ ಹೊರಗೆ ಹೋದ ನಮ್ಮವರು ಎಷ್ಟೋ ಜನ ಹಳಿಯ ಮೇಲೆ ಸತ್ತರು. ಅಲ್ಲಿನವರು ಪಾಪ, ಈ ಊರಿನ ಜನ ಕಿವುಡರು ಎಂದುಕೊಂಡರು. ಕಿವುಡರಲ್ಲಪ್ಪ. ಕೇಳಿಸಿತು, ಅದಕ್ಕೇ ಹೋದರು.

ಕಾಲು ಕಟ್ಟುವುದು ಶುರುವಾದದ್ದು ಹಾಗೆ. ಮೊದಲು ನಮ್ಮತ್ತೆ ಕಟ್ಟುತ್ತಿದ್ದರು, ಅವರ ಕೈ ಸೋತ ಮೇಲೆ ನಾನು. ನನ್ನ ಹೆಸರು ತಿರುಮಕ್ಕ. ಈ ಊರಲ್ಲೇ ಹುಟ್ಟಿ ಈ ಊರಿಗೇ ಸೊಸೆಯಾದವಳು. ಹೊರಗಿನವರು ನಮಗೆ ಹೆಣ್ಣು ಕೊಡುವುದಿಲ್ಲ, ಯಾರು ತಾನೇ ಕೊಡುತ್ತಾರೆ ಹೇಳಿ, ಆದರೆ ನಮ್ಮ ಹೆಣ್ಣನ್ನು ತೆಗೆದುಕೊಳ್ಳುತ್ತಾರೆ. ಯಾರೇ ಊರು ಬಿಡುವುದಿದ್ದರೂ ಅವರನ್ನು ನಾನು ಗಡಿಕಲ್ಲಿನ ಆಚೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಮುಂದೆ ಸದ್ದು ಲೋಕದ ರೀತಿಗೆ ನಡೆಯುತ್ತದೆ. ಹಳೇ ಸೀರೆಯ ಪಟ್ಟಿ ಹರಿದು ಅವರ ಕಾಲಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿಕೊಂಡು ನೆಲಕ್ಕೆ ಕೂತುಬಿಡುತ್ತೇನೆ. ರೈಲು ಕೂಗುತ್ತದೆ, ಅವರ ಕಾಲು ಎಳೆಯುತ್ತದೆ, ನಾನು ಬಿಡುವುದಿಲ್ಲ. ಎದುರಿಗೇ ರೈಲು ಹೋಗುವುದನ್ನು ನೋಡಿ ಅವರ ಮೈ ಬೆವರುತ್ತದೆ. ಮಾರನೇ ದಿನ ಮತ್ತೆ ಕಾಲು ಎಳೆಯುತ್ತದೆ, ಮತ್ತೆ ಬಿಡುವುದಿಲ್ಲ. ಹೀಗೆ ಮಾಡುತ್ತಾ ಮಾಡುತ್ತಾ ಒಂದು ದಿನ ಕೂಗು ಬಂದಾಗ ಪಟ್ಟಿ ಸಡಿಲವಾಗಿಯೇ ಇರುತ್ತದೆ. ಆಗ ಗಂಟು ಬಿಚ್ಚುತ್ತೇನೆ. ಹೋಗಿ ಬಾ ಅನ್ನುವುದಿಲ್ಲ, ಹೋಗು ಅನ್ನುತ್ತೇನೆ.

ಏಕೆಂದರೆ ಕಾಲು ಕಟ್ಟಿಸಿಕೊಂಡವರು ತಿರುಗಿ ಊರೊಳಗೆ ಬರುವಂತಿಲ್ಲ. ಅವರಿಗೆ ಈಗ ಸದ್ದು ಬಂದರೆ ಭಯ, ಸದ್ದಿಲ್ಲದಿದ್ದರೆ ಧೈರ್ಯ. ನಮ್ಮ ಹಳಿಯಲ್ಲಿ ಸದ್ದಿಲ್ಲದಿರುವುದೇ ಸಾವು. ಕೈ ಹಿಡಿದು ದಾಟಿಸಬಹುದಲ್ಲ ಎನ್ನುತ್ತೀರಿ. ದಾಟಿಸಿದ್ದೆವು. ಬಸಕ್ಕನ ಮಗಳನ್ನು ಬಾಣಂತನಕ್ಕೆಂದು ಹಾಗೇ ಕೈ ಹಿಡಿದು ಕರೆತಂದಿದ್ದರು. ಹೆರಿಗೆ ಚೆನ್ನಾಗಿಯೇ ಆಯಿತು. ಕೂಸು ನೋಡಲು ಗಂಡ ಬಂದು ಆ ಕಡೆ ಬಸ್ಸಿಳಿದ. ಅವನನ್ನು ಕಂಡವಳೇ, ಹಳಿ ಸುಮ್ಮನಿದೆ ಎಂದು, ಕೂಸನ್ನು ಎತ್ತಿಕೊಂಡು ನಗುತ್ತಾ ಹೊರಟಳು. ಸದ್ದು ಆಮೇಲೆ ಬಂತು. ಆ ದಿನ ಸಂಜೆ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ.

ಅಂದಿನಿಂದ ಕೊಟ್ಟ ಹೆಣ್ಣುಮಕ್ಕಳು ಆ ಕಡೆಯೇ ಇರಲಿ ಎಂದು ಹಿರಿಯರು ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಒಂದು ತಗಡಿನ ಶೆಡ್ಡಿದೆ. ತಾಯಂದಿರು ಅಲ್ಲಿಗೆ ಹೋಗಿ ಮಗಳ ತಲೆಗೆ ಹೂ ಮುಡಿಸಿ, ಕಟ್ಟಿಕೊಂಡು ಹೋದದ್ದನ್ನು ತಿನ್ನಿಸಿ, ಮೈದಡವಿ, ಬೈಗಿನ ಸದ್ದಿಗೆ ಮನೆಗೆ ಬರುತ್ತಾರೆ. ಚೊಚ್ಚಲ ಹೆರಿಗೆ ತವರಲ್ಲಿ ಎನ್ನುವುದು ಎಲ್ಲ ಕಡೆ ಇದೆ, ನಮ್ಮಲ್ಲಿ ಮಾತ್ರ ಇಲ್ಲ. ಮಗಳ ಬಾಣಂತನ ಮಾಡದ ತಾಯಂದಿರು ನಾವು. ಅವರ ಊರಿಗೇ ಹೋಗಿ ಮಾಡೋಣವೆಂದರೆ ನಮ್ಮ ಕಾಲನ್ನೂ ಕಟ್ಟಿಸಿಕೊಳ್ಳಬೇಕು. ಕಟ್ಟಿಸಿಕೊಂಡರೆ ನಮ್ಮ ಮನೆಗೆ ನಾವೇ ಬರುವಂತಿಲ್ಲ.

ನನ್ನ ಮಗಳು ಶಶಿರೇಖೆಯ ಕಾಲನ್ನೂ ನಾನೇ ಕಟ್ಟಿದೆ. ಬೇರೆ ಯಾರು ಕಟ್ಟುತ್ತಾರೆ? ಹುಡುಗ ಹಿಟ್ಟಿನ ಗಿರಣಿ ಇಟ್ಟುಕೊಂಡವನು, ಒಳ್ಳೆಯವನು, ಆದರೆ ಅವರ ಹಿತ್ತಿಲಲ್ಲೇ ಹಳಿ ಹಾದುಹೋಗಿದೆ. ಶಶಿಯ ಕಾಲು ಬಲು ಮೊಂಡು. ಮದುವೆಯ ದಿನ ಹತ್ತಿರ ಬಂದರೂ ಕೂಗು ಕೇಳಿದ ತಕ್ಷಣ ಸಂತೆಗೆ ಹೊರಟವಳ ಹಾಗೆ ಹೊರಟುಬಿಡುತ್ತಿದ್ದಳು. ಅವಳನ್ನು ಎಳೆದು ಎಳೆದು ನನ್ನ ಸೊಂಟದ ಚರ್ಮ ಸುಲಿದಿತ್ತು.

"ಸಾಕು ಬಿಡವ್ವ. ನಾನು ಅಲ್ಲಿ ಹಳಿ ಹತ್ರನೇ ಹೋಗಲ್ಲ," ಎಂದಳು.

"ಹಿತ್ತಿಲಾಗೆ ಹಳಿ ಮಡಿಕ್ಕಂಡು ಹತ್ರ ಹೋಗಲ್ಲ ಅಂತೀಯಲ್ಲೇ. ಸುಮ್ನೆ ನಿಂತ್ಕ."

"ನೀನು ಪೂರ್ತಿ ಕಟ್ಟಿಬಿಟ್ರೆ ನಾನು ಮತ್ತೆ ಮನೆಗೆ ಬರಂಗಿಲ್ಲ."

"ಜೀವದಾಗೆ ಇರ್ತೀಯ. ನಾನು ಶೆಡ್ಡಿಗೆ ಬಂದು ನೋಡ್ಕಂಡು ಬತ್ತೀನಿ," ಎಂದು ಗಂಟನ್ನು ಇನ್ನಷ್ಟು ಬಿಗಿದೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡು ಅತ್ತಳು. ನನಗೂ ಅಳು ಬಂತು, ಆದರೆ ಪಟ್ಟಿ ಹಿಡಿದ ಕೈ ಬಿಡುವಂತಿರಲಿಲ್ಲವಲ್ಲ, ಮೂಗನ್ನು ತೋಳಿಗೆ ಒರೆಸಿಕೊಂಡೆ. ಕಡೆಗೂ ಒಂದು ದಿನ ರೈಲು ಕೂಗಿತು, ಶಶಿ ನಿಂತಲ್ಲೇ ನಿಂತಿದ್ದಳು, ಪಟ್ಟಿ ಸಡಿಲವಾಗಿ ನೆಲದ ಮೇಲೆ ಬಿದ್ದಿತ್ತು. ಅಷ್ಟು ಗಟ್ಟಿಯಾಗಿ ಯಾರ ಕಾಲನ್ನೂ ನಾನು ಕಟ್ಟಿರಲಿಲ್ಲ.

ಅವಳು ಬಸುರಿ ಎಂಬ ಸುದ್ದಿ ಬಂದ ಹೊತ್ತಿಗೆ ಸರ್ಕಾರದವರೂ ಬಂದರು. ಸಾರ್ವಜನಿಕ ರಸ್ತೆಯ ಮೇಲಿನ ಎಲ್ಲ ಲೆವೆಲ್ ಕ್ರಾಸಿಂಗುಗಳಿಗೂ ಇನ್ನು ಮೇಲೆ ಗೇಟು ಮತ್ತು ಸೈರನ್ನು ಕಡ್ಡಾಯವೆಂದು ಹೊಸ ನಿಯಮವಾಗಿತ್ತಂತೆ. ಬಂದ ಅಧಿಕಾರಿಯ ಹೆಸರು ಕೇಶವಮೂರ್ತಿ. ಬಿಸಿಲಿಗೆ ತಲೆಯ ಮೇಲೆ ಕರ್ಚೀಫು ಹಾಕಿಕೊಂಡು, ಮಂಡಿ ನೋವೆಂದು ಹೋದಲ್ಲೆಲ್ಲ ಕೂರಲು ಜಾಗ ಹುಡುಕುತ್ತಿದ್ದ ಮನುಷ್ಯ. ಕೋಡುಗಲ್ಲಿನ ಆಚೆ ಹಳಿಗೆ ಅದೇನೋ ತಂತಿ ಜೋಡಿಸಿದರು. ರೈಲು ಅಲ್ಲಿ ತುಳಿದರೆ ಇಲ್ಲಿ ಪೆಟ್ಟಿಗೆ ಕೂಗುತ್ತದೆ, ಕೂಗಿದ ಕೂಡಲೇ ಕೆಂಪು ಬಿಳಿ ಪಟ್ಟೆಯ ಕಂಬ ಕೆಳಗಿಳಿಯುತ್ತದೆ. ಹಳದಿ ಬೋರ್ಡನ್ನು ಕಿತ್ತು ಲಾರಿಗೆ ಹಾಕಿಕೊಂಡು ಹೊಸದು ನೆಟ್ಟರು: ಸೈರನ್ ಕೇಳಿದರೆ ನಿಲ್ಲಿ.

ಪರೀಕ್ಷೆಗೆಂದು ರೈಲಿಲ್ಲದ ಹೊತ್ತಲ್ಲಿ ಒಂದು ಸಲ ಕೂಗಿಸಿದರು. ಆಗ ಅಲ್ಲಿ ಸಂತೆಗೆ ಹೊರಟ ಜನ ಕಾಯುತ್ತಿದ್ದರು. ಸೈರನ್ನು ಕೂಗಿತು, ಕಂಬ ಇಳಿಯಿತು, ಇಡೀ ಸಾಲು ಬಗ್ಗಿಕೊಂಡು ಕಂಬದ ಕೆಳಗೆ ನುಸುಳಿ ಹಳಿಯ ಮೇಲೆ ನಡೆಯಿತು. ತರಕಾರಿ ಬುಟ್ಟಿಯವರು, ಮೇಕೆ ಹಿಡಿದವರು, ಸೈಕಲ್ಲನ್ನು ಅಡ್ಡ ಮಲಗಿಸಿ ತೂರಿಸಿದವರು. ಎಲ್ಲರಿಗಿಂತ ಮುಂದೆ ಪಂಚಾಯ್ತಿ ಚೇರ್ಮನ್ ದ್ಯಾಮಣ್ಣ. ಕೇಶವಮೂರ್ತಿಗಳ ಮುಖ ಬಿಳಿಚಿಕೊಂಡಿತು.

"ಏನ್ರೀ ಇದು! ಬೋರ್ಡ್ ಓದೋಕೆ ಬರಲ್ವೇನ್ರೀ ನಿಮಗೆ?" ಎಂದು ಕೂಗಾಡಿದರು.

"ನಮಗೆ ಓದೋಕೆ ಬತ್ತೈತೆ ಸ್ವಾಮಿ. ಕಾಲಿಗೆ ಬರಲ್ಲ," ಎಂದ ದ್ಯಾಮಣ್ಣ, ಆ ಕಡೆಯಿಂದಲೇ.

ನಗುವ ಮಾತಲ್ಲ ಅದು. ಅದೇ ವಾರ ನಿಜವಾದ ರೈಲಿಗೆ ಸೈರನ್ನು ಕೂಗಿದಾಗ ದ್ಯಾಮಣ್ಣನ ಎತ್ತು ಹಗ್ಗ ಕಿತ್ತುಕೊಂಡು ಹೋಗಿ ರೈಲಿಗೆ ಸಿಕ್ಕಿತು. ಹಗ್ಗ ಹಿಡಿದಿದ್ದ ಅವನೂ ಅದರ ಹಿಂದೆಯೇ ಹೋಗಬೇಕಿತ್ತು, ಕಂಬಕ್ಕೆ ತಲೆ ಬಡಿದು ಬಿದ್ದದ್ದರಿಂದ ಬದುಕಿದ. ಹಣೆಗೆ ಪಟ್ಟಿ ಕಟ್ಟಿಕೊಂಡೇ ಮಾರನೇ ದಿನ ಊರವರನ್ನು ಸೇರಿಸಿದ. ತಂತಿ ಕಡಿದುಹಾಕುವುದು ಎಂದು ಗಂಡಸರೆಲ್ಲ ಒಪ್ಪಿದರು. ಕೇಶವಮೂರ್ತಿಗಳು ಒಂದು ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾ ಕೇಳಿಸಿಕೊಂಡರು.

"ಕಡೀರಿ. ಕಡಿದ್ರೆ ಇದು ಅಪಾಯದ ಕ್ರಾಸಿಂಗು ಅಂತ ಬರೀಬೇಕಾಗುತ್ತೆ ನಾನು. ಬರೆದ್ರೆ ರಸ್ತೆನೇ ಮುಚ್ಚಿಸ್ತಾರೆ. ಆಮೇಲೆ ಶಾಲೆನೂ ಇಲ್ಲ ಸಂತೆನೂ ಇಲ್ಲ," ಎಂದರು. ಬೆದರಿಸುವ ದನಿಯಲ್ಲ ಅದು, ಸಾಕಾಗಿಹೋದವನ ದನಿ. "ನಿಯಮ ನಾನು ಮಾಡಿದ್ದಲ್ಲ. ನೀವು ಸೈರನ್ನಿಗೆ ನಿಂತ್ಕೊಂಡ್ರೆ ನನಗೂ ಕೆಲಸ ಕಡಿಮೆ."

ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ರೈಲಿಗೆ ಮೊದಲೇ ಕೂಗುವ ಪೆಟ್ಟಿಗೆ ಬಂದಿದೆ ಎಂದರೆ ಕಾಲು ಕಟ್ಟಿಸಿಕೊಂಡ ಹುಡುಗಿ ನಮ್ಮ ಹಳಿಯಲ್ಲೂ ಬದುಕಬಹುದು. ಪೆಟ್ಟಿಗೆ ಕೂಗಿದರೆ ನಿಲ್ಲುತ್ತಾಳೆ, ಕೂಗದಿದ್ದರೆ ದಾಟುತ್ತಾಳೆ. ಶಶಿ ಹೆರಿಗೆಗೆ ಮನೆಗೆ ಬರಬಹುದು. ನನ್ನ ಮನೆಯ ಬಚ್ಚಲಲ್ಲಿ ಅವಳಿಗೆ ಎಣ್ಣೆ ನೀರು ಎರೆಯಬಹುದು. ಸರ್ಕಾರ ನನ್ನ ಜನ್ಮದಲ್ಲಿ ನನಗೆಂದು ಏನಾದರೂ ಮಾಡಿದ್ದರೆ ಇದೊಂದೇ.

"ಕಡೀಬ್ಯಾಡ ದ್ಯಾಮಣ್ಣ," ಎಂದೆ.

"ನಿನ್ನ ಮಗಳು ತವರಿಗೆ ಬರ್ಲಿ ಅಂತ ಊರೋರು ಸಾಯ್ಬೇಕೇನು ತಿರುಮಕ್ಕ?" ಎಂದು ಅವನು ನೇರವಾಗಿಯೇ ಕೇಳಿಬಿಟ್ಟ. ಎತ್ತು ಕಳೆದುಕೊಂಡ ಸಂಕಟ, ತಪ್ಪು ತಿಳಿಯಲಿಲ್ಲ ನಾನು.

"ನಿನ್ನ ತಂಗಿ ಶೆಡ್ಡಾಗೆ ಕುಂತು ಅತ್ಕಂಡು ಬಸ್ ಹತ್ತಿ ಹೋಗ್ತಾಳಲ್ಲ, ಅವಳೂ ಬರ್ಲಿ ಅಂತ. ಇಲ್ಲಿ ಕುಂತಿರೋರಾಗೆ ಮಗಳು ಕೊಡದೇ ಇರೋರು ಯಾರವರೆ ಹೇಳು."

ಹೆಂಗಸರೆಲ್ಲ ಗಂಡಂದಿರ ಕಡೆ ನೋಡಿದರು. ಆ ನೋಟ ಹೇಗಿರುತ್ತದೆಂದು ಮದುವೆಯಾದವರಿಗೆ ಗೊತ್ತು. ದ್ಯಾಮಣ್ಣ ಹಣೆಯ ಪಟ್ಟಿ ಮುಟ್ಟಿಕೊಂಡ.

"ಸರಿ ಕಣಕ್ಕ. ಇಷ್ಟೂ ಜನದ ಕಾಲು ಯಾರು ಕಟ್ತಾರೆ?"

"ನಾನು ಕಟ್ತೀನಿ," ಎಂದೆ. ಹೇಳಿದ ಮೇಲೆ ಅಲ್ಲಿದ್ದ ತಲೆಗಳನ್ನೆಲ್ಲ ಒಮ್ಮೆ ನೋಡಿದೆ. ಅಯ್ಯೋ ಶಿವನೇ ಅನ್ನಿಸಿತು.

ಕೇಶವಮೂರ್ತಿಗಳು ಮುಂದಿನ ತಪಾಸಣೆಯವರೆಗೆ ಸಮಯ ಕೊಟ್ಟರು. ಅಲ್ಲಿಯವರೆಗೆ ಕಟ್ಟಿಸಿಕೊಳ್ಳದವರು ಗೇಟಿನ ಹತ್ತಿರ ಸುಳಿಯಬಾರದು, ತಪಾಸಣೆಯ ದಿನ ಒಬ್ಬನೇ ಒಬ್ಬ ಸೈರನ್ನಿಗೆ ನುಗ್ಗಿದರೂ ರಸ್ತೆ ಬಂದ್ ಎಂದು ಹೇಳಿ ಜೀಪು ಹತ್ತಿದರು. ಆ ದಿನಕ್ಕೂ ಶಶಿಯ ದಿನ ತುಂಬುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಆಮೇಲೆ ನನ್ನ ಪಾಡು ಕೇಳಬೇಡಿ. ಗೇಟಿನ ಪಕ್ಕದಲ್ಲಿ ಒಂದು ಕಲ್ಲುಕಂಬವಿದೆ. ಅದಕ್ಕೆ ಬೆನ್ನು ಕೊಟ್ಟು ಕೂತು, ನನ್ನ ಸೊಂಟವನ್ನು ಕಂಬಕ್ಕೇ ಬಿಗಿದುಕೊಂಡು, ಒಂದೊಂದು ಕೇರಿಯವರನ್ನು ಸಾಲಾಗಿ ಕಟ್ಟಿ ನಿಲ್ಲಿಸಿಕೊಳ್ಳುತ್ತಿದ್ದೆ. ಸೈರನ್ನು ಕೂಗಿದಾಗ ಎಲ್ಲರ ಕಾಲೂ ಒಟ್ಟಿಗೆ ಎಳೆಯುತ್ತಿದ್ದವು, ಪಟ್ಟಿಗಳು ಕೈಯನ್ನು ಕೊಯ್ಯುತ್ತಿದ್ದವು. ನನ್ನ ಹಳೇ ಸೀರೆಗಳು ಮುಗಿದವು. ಹೆಂಗಸರು ತಮ್ಮವನ್ನು ತಂದುಕೊಟ್ಟರು, ಹಳೆಯವು ಮುಗಿದ ಮೇಲೆ ಒಬ್ಬಳು ಧಾರೆ ಸೀರೆಯನ್ನೇ ಹರಿದು ಕೊಟ್ಟಳು. ಅವಳ ಮಗಳು ಊರು ಬಿಟ್ಟು ಯಾವ ಕಾಲವಾಗಿತ್ತೋ.

ದನಗಳು ಬೇಗ ಕಲಿತವು. ಮಕ್ಕಳು ಆಟವೆಂದುಕೊಂಡು ಕಲಿತರು. ಬಲು ಕಾಡಿಸಿದವರು ಮೇಷ್ಟ್ರು. ಪ್ರತಿ ಸಲವೂ, "ನನಗೆ ಅರ್ಥ ಆಗಿದೆ ತಿರುಮಕ್ಕ, ಇವತ್ತು ಕಟ್ಟೋದು ಬೇಡ," ಎನ್ನುವುದು, ಸೈರನ್ನು ಕೂಗಿದ ತಕ್ಷಣ ಪಂಚೆ ಎತ್ತಿಕೊಂಡು ಹೊರಡುವುದು. ಜಿನ್ನಜ್ಜ ಎಂಬ ಮುದುಕ ಬರಲೇ ಇಲ್ಲ. ಈ ವಯಸ್ಸಿನಲ್ಲಿ ಹೆಂಗಸಿನ ಕೈಲಿ ಕಾಲು ಕಟ್ಟಿಸಿಕೊಳ್ಳುವುದಕ್ಕಿಂತ ಆ ಕಡೆಯ ಮುಖ ನೋಡದೇ ಇರುತ್ತೇನೆ ಎಂದು ಜಗಲಿ ಹಿಡಿದು ಕೂತ. ನೀನು ಆ ಕಡೆ ಹೋಗಿ ಯಾವ ರಾಜ್ಯ ಆಳಬೇಕಿತ್ತು, ಕೂತಿರು ಎಂದೆ. ದ್ಯಾಮಣ್ಣ ಮಾತ್ರ ಮೊದಲ ಸಾಲಿಗೇ ಬಂದು ನಿಂತು ಕಾಲು ಚಾಚಿದ. ತವರಿಗೆ ಬಾ ಎಂದು ತಂಗಿಗೆ ಹೇಳಿ ಕಳಿಸಿದ್ದನೆಂದು ಆಮೇಲೆ ಗೊತ್ತಾಯಿತು.

ಮನೆಗೆ ಬಂದರೆ ಒಂದು ಲೋಟ ನೀರು ಕಾಯಿಸುವವರಿಲ್ಲ. ಯಜಮಾನರು ಹೋಗಿ ಬಹಳ ವರ್ಷವಾಯಿತು. ಬಾಗಿಲು ತೆಗೆದವಳು ದೀಪವನ್ನೂ ಹಚ್ಚದೆ ಚಾಪೆಯ ಮೇಲೆ ಉರುಳಿಕೊಳ್ಳುತ್ತಿದ್ದೆ. ಅಂಗೈ ಹಸಿಯಾಗಿರುತ್ತಿತ್ತು, ಕೂತು ಕೂತು ಕಾಲು ನನ್ನವೇ ಅಲ್ಲ ಅನ್ನಿಸುತ್ತಿತ್ತು. ಬಿಟ್ಟುಬಿಡೋಣ, ಶಶಿ ಅಲ್ಲೇ ಹೆರಲಿ, ಎಲ್ಲರ ಮಕ್ಕಳೂ ಅಲ್ಲೇ ಹೆತ್ತಿಲ್ಲವೇ ಎಂದು ಅಂದುಕೊಳ್ಳದ ದಿನವಿಲ್ಲ. ಬೆಳಗಾದರೆ ಮತ್ತೆ ಪಟ್ಟಿಗಳ ಗಂಟು ಹೊತ್ತುಕೊಂಡು ಹೋಗುತ್ತಿದ್ದೆ.

ತಪಾಸಣೆಯ ದಿನ ಕೇಶವಮೂರ್ತಿಗಳು ರೈಲು ಬರುವವರೆಗೂ ಕಾದರು. ಅಷ್ಟೂ ಜನ ಗೇಟಿನ ಮುಂದೆ ಗಂಟಿಲ್ಲದೆ ನಿಂತಿದ್ದರು. ನಾನು ಅಭ್ಯಾಸಬಲದಿಂದ ಕಲ್ಲುಕಂಬಕ್ಕೆ ಒರಗಿ ಕೂತಿದ್ದೆ, ಎದ್ದು ನಿಲ್ಲುವ ತ್ರಾಣವೂ ಇರಲಿಲ್ಲ. ಸೈರನ್ನು ಕೂಗಿತು, ಕಂಬ ಇಳಿಯಿತು. ಒಂದು ಕಾಲೂ ಕದಲಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿದ್ದರು, ಆದರೂ ನಿಂತಿದ್ದರು. ರೈಲು ಗಾಳಿ ಬೀಸಿ ಹೋಯಿತು. ಆಮೇಲೆ ಅದರ ಕೂಗು ಬಂತು, ಅದಕ್ಕೂ ಯಾರೂ ಅಲುಗಲಿಲ್ಲ. ಕಂಬ ಎದ್ದ ಮೇಲೆ ದ್ಯಾಮಣ್ಣ "ನಡೀರಪ್ಪೋ" ಎಂದಾಗ ಒಬ್ಬೊಬ್ಬರಾಗಿ, ನೀರಿಗೆ ಇಳಿಯುವವರ ಹಾಗೆ ಅಂಜಿ ಅಂಜಿ ದಾಟಿದರು. ಹುಟ್ಟಿದಾಗಿನಿಂದ ಸದ್ದಿನ ಜೊತೆ ದಾಟಿದವರು, ಮೊದಲ ಸಲ ಸದ್ದಿಲ್ಲದ ಹಳಿಯನ್ನು ತುಳಿದರು. ಕೆಲವರು ಆ ಕಡೆ ಹೋಗಿ ಅತ್ತರು.

"ಎಲ್ಲರದೂ ಆಯ್ತೇನಮ್ಮಾ?" ಎಂದು ಕೇಶವಮೂರ್ತಿಗಳು ನನ್ನ ಪಕ್ಕದಲ್ಲೇ ಮಂಡಿ ಹಿಡಿದುಕೊಂಡು ಕೂತು ಕೇಳಿದರು.

"ಎಲ್ಲರದೂ ಆಯ್ತು ಸ್ವಾಮಿ. ಜಿನ್ನಜ್ಜ ಒಬ್ಬನ್ನ ಬಿಟ್ಟು," ಎಂದೆ.

ಶಶಿ ಬಂದದ್ದು ಒಂದು ಮಧ್ಯಾಹ್ನ. ತುಂಬಿದ ಬಸುರಿಯಾಗಿ ತವರಿಗೆ ಬರುವ ನಮ್ಮೂರ ಮಗಳನ್ನು ನೋಡಲು ಊರಿಗೆ ಊರೇ ಗೇಟಿನ ಹತ್ತಿರ ನೆರೆದಿತ್ತು. ಹೆಂಗಸರು ಆರತಿ ತಟ್ಟೆ ಹಿಡಿದಿದ್ದರು. ಅವಳ ನಂತರ ತಮ್ಮ ತಮ್ಮ ಮಕ್ಕಳು ಬರುತ್ತಾರೆಂಬುದೇ ಎಲ್ಲರ ಮುಖದಲ್ಲೂ ಇತ್ತು. ನಾನು ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಹರಿಯದ ಸೀರೆ ಉಟ್ಟು, ಎಲ್ಲರಿಗಿಂತ ಮುಂದೆ ಹೋಗಿ ನಿಂತೆ.

ಆ ಕಡೆ ಬಸ್ಸು ಬಂತು. ಶಶಿ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನಕ್ಕೆ ಇಳಿದಳು, ಗಂಡ ಹಿಂದಿನಿಂದ ಚೀಲ ಇಳಿಸಿಕೊಂಡ. ಮೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ಕೈ ಬೀಸಿ, ಗಂಡನನ್ನು ಬಸ್ಸಿನ ಹತ್ತಿರವೇ ಬಿಟ್ಟು, ಗೇಟಿನವರೆಗೆ ನಡೆದು ಬಂದಳು. ಆಗ ಸೈರನ್ನು ಕೂಗಿತು. ಎರಡೂ ಕಡೆ ಕಂಬ ಇಳಿಯಿತು. ಶಶಿ ಅಲ್ಲೇ ನಿಂತಳು. ನನ್ನ ಹಿಂದಿನ ಜನವೂ ನಿಂತರು, ಒಂದು ಬಳೆ ಸಹ ಸದ್ದು ಮಾಡಲಿಲ್ಲ. ನೋಡು, ನನ್ನ ಕೈಯಲ್ಲಿ ಆದ ಕೆಲಸ ಎಂದು ನನಗೆ ಹೆಮ್ಮೆಯಾಯಿತು. ಮರುಕ್ಷಣ ಬೆನ್ನಿಗೆ ಏನೋ ತಗುಲಿತು. ಕೆಂಪು ಬಿಳಿ ಪಟ್ಟೆಯ ಕಂಬ. ನಾನು ಅದರ ಕೆಳಗೆ ನುಸುಳುತ್ತಿದ್ದೆ.

"ತಿರುಮಕ್ಕಾ! ಅಕ್ಕಾ, ನಿಲ್ಲೇ!" ಎಂದು ದ್ಯಾಮಣ್ಣ ಕಿರುಚಿದ. ಊರೆಲ್ಲ ಕಿರುಚಿತು. ತಿರುಗಿ ನೋಡಿದೆ. ಅಷ್ಟೂ ಜನ ಕೈ ಚಾಚಿಕೊಂಡು ನಿಂತಿದ್ದರು. ಒಬ್ಬರ ಕಾಲೂ ನೆಲ ಬಿಡಲಿಲ್ಲ, ಅಷ್ಟು ಚೆನ್ನಾಗಿ ಕಟ್ಟಿದ್ದೆ. ನನ್ನ ಕಾಲು ಮಾತ್ರ ಹೋಗುತ್ತಲೇ ಇತ್ತು. ಇಷ್ಟು ವರ್ಷವೂ ಕಟ್ಟುವಾಗೆಲ್ಲ ನಾನು ನೆಲಕ್ಕೆ ಕೂತಿರುತ್ತಿದ್ದೆ. ಕೂತವಳ ಕಾಲು ಏನು ಕಲಿಯುತ್ತದೆ? ಸೈರನ್ನು ಕೂಗುವಾಗ ನಾನು ಯಾವ ಗಂಟೂ ಇಲ್ಲದೆ ನೆಟ್ಟಗೆ ನಿಂತದ್ದು ಅದೇ ಮೊದಲು.

ಹಳಿಯ ನಡುವೆ ಇದ್ದಾಗ ಶಶಿಯ ಮುಖ ಸರಿಯಾಗಿ ಕಂಡಿತು. ಬಾಯಿ ತೆರೆದಿತ್ತು, ಎರಡೂ ತೋಳು ನನ್ನ ಕಡೆ ಚಾಚಿದ್ದವು, ಕಂಬಕ್ಕೆ ಹೊಟ್ಟೆ ಒತ್ತಿಕೊಂಡು ಮೈಯೆಲ್ಲ ಮುಂದಕ್ಕೆ ಬಾಗಿತ್ತು. ಪಾದ ಎರಡೂ ಮಣ್ಣಿನಲ್ಲಿ ನೆಟ್ಟಿದ್ದವು. ನನಗೆ ಬಂದದ್ದು ಒಂದೇ ಯೋಚನೆ, ಸದ್ಯ, ಅವಳು ನಿಂತಿದ್ದಾಳೆ. ಆಮೇಲೆ ಬೆನ್ನಿಗೆ ಗಾಳಿ ಹೊಡೆಯಿತು, ಸೆರಗು ಹೆಗಲಿಂದ ಕಿತ್ತುಕೊಂಡು ಹೋಯಿತು, ನಾನು ಆ ಕಡೆಯ ಕಂಬದ ಕೆಳಗೆ ಮುಗ್ಗರಿಸಿ ಅವಳ ಕಾಲ ಬುಡದಲ್ಲಿ ಬಿದ್ದೆ. ರೈಲು ಹೋಗಿತ್ತು.

ಅವಳು ಕಷ್ಟಪಟ್ಟು ಬಗ್ಗಿ, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು, ನನ್ನ ಮುಖ ಮೈ ಕೈ ಎಲ್ಲ ತಡವಿದಳು. ಆಮೇಲೆ ಭುಜಕ್ಕೆ ಫಟ್ಟೆಂದು ಹೊಡೆದಳು.

"ಊರೋರ ಕಾಲೆಲ್ಲ ಕಟ್ಟಿದ್ಯಲ್ಲ, ನಿನ್ನ ಕಾಲು ಯಾರು ಕಟ್ಟಿದ್ರು?"

"ಯಾರೂ ಇಲ್ಲ ಕಣವ್ವ. ಹೊಳೀಲೇ ಇಲ್ಲ ನೋಡು ನನಗೆ," ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಗ ಸದ್ದು ಬಂತು, ಕೂಗು, ಅದರ ಹಿಂದೆ ಗಾಲಿಗಳು. ನನ್ನ ಕಾಲು ಮಣ್ಣಿನಲ್ಲಿ ಮಿಸುಕಿತು. ಶಶಿ ಎರಡೂ ಕೈಯಿಂದ ನನ್ನ ಮೊಣಕಾಲನ್ನು ಅದುಮಿ ಹಿಡಿದು, ಸದ್ದು ಪೂರ್ತಿ ಅಡಗುವವರೆಗೂ ಬಿಡಲಿಲ್ಲ. ಅವಳು ಅಳುತ್ತಿದ್ದಳು, ಬಿಕ್ಕುತ್ತಾ ಮಾತು ತುಂಡುತುಂಡಾಗಿ ಬಂತು.

"ಓಡಿ ಬಂದು ಎಳ್ಕೋಬೇಕು ಅಂತ ಅಂದ್ಕಂಡೆ ಅವ್ವ. ಎಷ್ಟು ಅಂದ್ಕಂಡ್ರೂ ಕಾಲು ಬರ್ಲಿಲ್ಲ. ನೀನು ಕಣ್ಣೆದುರಿಗೇ ಹೋಗ್ತಿದ್ರೂ ಬರ್ಲಿಲ್ಲ."

"ಬರಬಾರದು ಕಣೇ," ಎಂದೆ. "ಅದಕ್ಕೇ ಅಲ್ವಾ ಕಟ್ಟಿದ್ದು."

ಕಂಬ ಎದ್ದಿತು. ಆ ಕಡೆಯಿಂದ ಊರವರು ಬನ್ನಿ, ಬನ್ನಿ ಎಂದು ಕರೆಯುತ್ತಿದ್ದರು, ದ್ಯಾಮಣ್ಣ ಪಂಚೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಹಳಿ ಸುಮ್ಮನೆ ಬಿದ್ದಿತ್ತು, ಸದ್ದಿಲ್ಲ, ಏನಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಅಷ್ಟು ಹೆದರಿಕೆ ರೈಲಿನ ಮುಂದೆ ನಡೆಯುವಾಗಲೂ ಆಗಿರಲಿಲ್ಲ. ಮನೆ ಅಲ್ಲೇ ಕಾಣುತ್ತಿತ್ತು, ಅಲ್ಲಿಗೆ ಹೋಗುವುದು ಹೇಗೆಂದು ಗೊತ್ತಾಗಲಿಲ್ಲ. ಶಶಿ ಎದ್ದು, ಬಿದ್ದಿದ್ದ ನನ್ನ ಸೆರಗನ್ನು ಹೆಗಲ ಮೇಲೆ ಹೊದಿಸಿ, ಕೈ ಹಿಡಿದು ನನ್ನನ್ನು ಎಬ್ಬಿಸಿದಳು.

"ಈಗ ಹೋಗಬಹುದೇನೇ?" ಎಂದು ಕೇಳಿದೆ.

ಅವಳು ತಿರುವಿನ ಕಡೆ ನೋಡಿದಳು, ಪೆಟ್ಟಿಗೆಯ ಕಡೆ ನೋಡಿದಳು. "ಹ್ಞೂಂ, ನಡಿ," ಎಂದಳು. ನಡೆದೆ.